ಇಪ್ಪತ್ತು ಗ್ರಾಂ ಕಬ್ಬಿಣ

ಕಾರಿನ ಎಂಜಿನ್ ಸವೆದುಹೋಗಿದೆ ಅನ್ನುತ್ತಾರಲ್ಲ, ಎಷ್ಟು ಸವೆದಿರುತ್ತದೆ? ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ, ಪೆಟ್ರೋಲಿನ ಜೊತೆಗೆ ಆಯಿಲನ್ನೂ ಕುಡಿಯುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಹುಯ್ಯುವ ಮುಚ್ಚಳ ತೆಗೆದು, ಅಲ್ಲಿಂದ ಬುಸುಬುಸು ಏಳುವ ಹೊಗೆ ನೋಡಿ, 'ಬೋರಿಗೆ ಬಂದಿದೆ' ಅನ್ನುತ್ತಾನೆ. ಆ ಮಾತು ಕೇಳಿದವರ ಕಣ್ಣ ಮುಂದೆ ಬರುವುದು ಒಳಗೆಲ್ಲ ತಿಂದುಹೋಗಿ ಹಾಳುಬಿದ್ದ ಲೋಹದ ಚಿತ್ರ. ಅಳೆದು ನೋಡಿದರೆ ಸಿಗುವ ಲೆಕ್ಕವೇ ಬೇರೆ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಓಡಿದ ಅಷ್ಟೂ ವರ್ಷಗಳಲ್ಲಿ ಅದರ ನಾಲ್ಕು ಸಿಲಿಂಡರುಗಳ ಗೋಡೆಯಿಂದ ಕಳೆದುಹೋಗಿದ್ದ ಕಬ್ಬಿಣ, ನಾಲ್ಕೂ ಸೇರಿ, ಇಪ್ಪತ್ತು ಗ್ರಾಂ ದಾಟುವುದಿಲ್ಲ. ಒಂಬೈನೂರು ಕಿಲೋ ಆಸುಪಾಸಿನ ಗಾಡಿಯೊಂದರ ಜೀವ ಇಪ್ಪತ್ತು ಗ್ರಾಂ ಕಬ್ಬಿಣದ ಜೊತೆಗೆ ಹೊರಟುಹೋಗುತ್ತದೆ.

ಈ ಲೆಕ್ಕ ನನಗೆ ದಕ್ಕಿದ್ದು ಕೈ ಬಿಗಿಯಾಗಿದ್ದರಿಂದ. ದುಡ್ಡಿದ್ದವರು ಗಾಡಿಯನ್ನು ಗ್ಯಾರೇಜಿಗೆ ಒಪ್ಪಿಸಿ, ಎಲ್ಲವನ್ನೂ ಹೊಸದು ಹಾಕಿ ಎಂದು ಹೇಳಿ ಮನೆಗೆ ಬರಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ 'ಎಲ್ಲವನ್ನೂ' ಎಂಬ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಯಾವುದನ್ನೂ ನೋಡಬೇಕಾದ ಜರೂರು ತಪ್ಪಿಹೋಗುತ್ತದೆ. ನನ್ನ ಹತ್ತಿರ ಇದ್ದದ್ದು ಪಿಸ್ಟನ್ ಸೆಟ್ಟಿಗೆ, ಬೇರಿಂಗಿಗೆ, ಗ್ಯಾಸ್ಕೆಟ್ಟಿಗೆ, ಲೇತಿನ ಕೂಲಿಗೆ ಸಾಕಾಗುವಷ್ಟು. ಮಿಕ್ಕದ್ದು ಆದಷ್ಟೂ ಇದ್ದದ್ದರಲ್ಲೇ ಉಳಿಯಬೇಕು. ಉಳಿಯಬೇಕಾದರೆ ಒಂದೊಂದನ್ನೂ ಕೈಗೆತ್ತಿಕೊಂಡು, ನೀನು ಇನ್ನೂ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಬೇಕು. ಆ ಪ್ರಶ್ನೆಗೆ ಕಬ್ಬಿಣ ಅಳತೆಯಲ್ಲಲ್ಲದೆ ಬೇರೆ ರೀತಿಯಲ್ಲಿ ಉತ್ತರ ಕೊಡುವುದಿಲ್ಲ.

ತುಮಕೂರಿನಲ್ಲಿ ಹಳೇ ಫಿಯೆಟ್ಟುಗಳನ್ನೇ ನಂಬಿಕೊಂಡು ಬದುಕಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಈಗ ಕೈ ಸ್ವಲ್ಪ ನಡುಗುತ್ತದೆ, ಕಣ್ಣು ಮಾತ್ರ ಚುರುಕು. 'ಬಿಚ್ಚೋದು, ತೊಳೆಯೋದು, ಜೋಡಿಸೋದು ನೀವೇ ಮಾಡಿ ಮೇಷ್ಟ್ರೇ, ನಾನು ಪಕ್ಕದಲ್ಲಿ ಕೂತು ಹೇಳ್ತೀನಿ. ಲೇತಿನಲ್ಲೇ ಆಗಬೇಕಾದ್ದಕ್ಕೆ ಮಾತ್ರ ದುಡ್ಡು ಬಿಚ್ಚಿ' ಅಂದರು. ಅವರ ಶೆಡ್ಡಿನ ಒಂದು ಮೂಲೆ ನನ್ನ ಪಾಲಿಗೆ ಬಂತು.

ಪದ್ಮಿನಿ ಇಟಲಿಯ ಫಿಯೆಟ್ 1100ರ ವಂಶದ್ದು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅದನ್ನು ಕಟ್ಟುತ್ತಿತ್ತು. ಆ ಕಂಪನಿಯನ್ನು 1944ರಲ್ಲಿ ಹುಟ್ಟುಹಾಕಿದ್ದು ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮೊದಲು, 1930ರ ದಶಕದಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಈ ದೇಶದಲ್ಲೇ ಮೋಟಾರು ಗಾಡಿ ತಯಾರಾಗಬೇಕೆಂದು ವಿದೇಶ ಸುತ್ತಿ, ಯೋಜನೆ ಬರೆದು, ವಾಲ್‌ಚಂದರ ಜೊತೆಗೂಡಿ ಓಡಾಡಿದ್ದರು. ಆ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಬಂದಿದ್ದರೆ ಎಂದು ಈ ಎಂಜಿನ್ನಿನ ಮುಂದೆ ಕೂತಾಗಲೆಲ್ಲ ನನಗೆ ಅನ್ನಿಸಿದ್ದುಂಟು. ಇರಲಿ. ಎಂಜಿನ್ 1089 ಸಿಸಿಯದು. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್. ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು.

ಬಿಚ್ಚುವ ಮೊದಲು ಅವರು ಮಾಡಿಸಿದ ಪರೀಕ್ಷೆಗೆ ಬೇಕಾದದ್ದು ಒಂದು ಕಂಪ್ರೆಶನ್ ಗೇಜು ಮತ್ತು ಒಂದು ಚಮಚ ಆಯಿಲ್. ಪ್ಲಗ್ಗು ಬಿಚ್ಚಿ, ಗೇಜು ಒತ್ತಿಹಿಡಿದು, ಸೆಲ್ಫ್ ಹೊಡೆದರೆ ಒಂದೊಂದು ಸಿಲಿಂಡರಿನ ಒತ್ತಡ ಎಷ್ಟೆಂದು ಮುಳ್ಳು ತೋರಿಸುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ಸೋರಿಕೆ ಪಿಸ್ಟನ್ ರಿಂಗಿನ ಪಕ್ಕದಿಂದ, ಏಕೆಂದರೆ ಆ ಸಂದನ್ನು ಆಯಿಲ್ ಗಳಿಗೆಮಟ್ಟಿಗೆ ಮುಚ್ಚುತ್ತದೆ. ಏರದಿದ್ದರೆ ಸೋರಿಕೆ ಹೆಚ್ಚಾಗಿ ವಾಲ್ವಿನಲ್ಲಿ. ಮುಚ್ಚಿದ ಬ್ಲಾಕಿನ ಒಳಗೆ ಕಾಯಿಲೆ ಎಲ್ಲಿದೆ ಎಂದು ಒಂದು ಚಮಚ ಎಣ್ಣೆ ಹೇಳಿಬಿಡುವುದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸಿತು. ನಮ್ಮ ಗಾಡಿಯಲ್ಲಿ ಎರಡೂ ಇತ್ತು, ರಿಂಗಿನದೇ ಹೆಚ್ಚು.

ಚೈನ್ ಪುಲ್ಲಿಯಲ್ಲಿ ಎಂಜಿನ್ ಎತ್ತಿ ಕೆಳಗಿಳಿಸಿದ ಮೇಲೆ ಬಿಚ್ಚುವ ಕೆಲಸ. ಕಳಚುವುದಕ್ಕೆ ಬಲ ಬೇಕು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ಬೇಕು ಅನ್ನುವುದು ಅವರ ಕ್ರಮ. ಯಾವ ಕನೆಕ್ಟಿಂಗ್ ರಾಡಿಗೆ ಯಾವ ಟೋಪಿ, ಅದು ಯಾವ ಮುಖಕ್ಕೆ ಕೂತಿತ್ತು, ಯಾವ ಪುಶ್‌ರಾಡು ಯಾವ ತೂತಿನದು, ಯಾವ ಟ್ಯಾಪೆಟ್ ಎಲ್ಲಿಯದು, ಎಲ್ಲಕ್ಕೂ ಗುರುತು. ರಟ್ಟಿನ ಹಾಳೆಗೆ ಸಾಲಾಗಿ ತೂತು ಮಾಡಿ, ಅಂಕಿ ಬರೆದು, ಪುಶ್‌ರಾಡುಗಳನ್ನು ಅದರಲ್ಲಿ ಚುಚ್ಚಿಟ್ಟೆವು. ಎಲ್ಲ ಒಂದೇ ಅಳತೆಯವು, ಅದಲುಬದಲಾದರೆ ಏನಾಯಿತು ಎಂದರೆ, ಅವು ಈಗ ಒಂದೇ ಅಳತೆಯವಲ್ಲ. ಒಂದೊಂದೂ ತಾನು ಒರಗಿದ ಜಾಗಕ್ಕೆ ಹೊಂದಿ ಸವೆದಿದೆ, ಆ ಜಾಗವೂ ಅದಕ್ಕೆ ಹೊಂದಿ ಸವೆದಿದೆ. ಕಾರ್ಖಾನೆಯಿಂದ ಬಂದಾಗ ಯಾವುದು ಎಲ್ಲಿ ಬೇಕಾದರೂ ಕೂರಬಹುದಾಗಿದ್ದ ತುಂಡುಗಳು ವರ್ಷಗಳ ಓಟದಲ್ಲಿ ಒಂದೊಂದು ಜಾಗದವಾಗಿಬಿಟ್ಟಿದ್ದವು.

ಹೆಡ್ಡು ಎತ್ತಿದಾಗ ಸಿಲಿಂಡರಿನ ಬಾಯಿಯಿಂದ ಸ್ವಲ್ಪ ಕೆಳಗೆ ಉಗುರಿಗೆ ಒಂದು ಏಣು ಸಿಕ್ಕಿತು. ಆ ಏಣಿನ ಮೇಲಿನದು ರಿಂಗು ಎಂದೂ ಮುಟ್ಟದ, ಕಾರ್ಖಾನೆಯ ದಿನದ ಗೋಡೆ. ಕೆಳಗಿನದು ಓಡಿ ಸವೆದ ಗೋಡೆ. ಎಷ್ಟು ಸವೆದಿದೆ ಎಂದು ತಿಳಿಯಲು ಬೋರ್ ಗೇಜು ಬೇಕು, ಅದು ನಮ್ಮ ಹತ್ತಿರ ಇರಲಿಲ್ಲ. ಸಂದಿಗೆ ತೂರಿಸಿ ಅಳೆಯುವ ಅಗ್ಗದ ಫೀಲರ್ ಗೇಜು ಇತ್ತು. ಆಗ ಅವರು ತೋರಿಸಿದ ಉಪಾಯವನ್ನು ನಾನು ಮರೆಯಲಾರೆ.

ಪಿಸ್ಟನ್ ರಿಂಗು ಪೂರ್ತಿ ಉಂಗುರವಲ್ಲ, ಒಂದು ಕಡೆ ಸೀಳಿರುತ್ತದೆ. ಸಿಲಿಂಡರಿನ ಒಳಗಿಟ್ಟರೆ ಗೋಡೆಗೆ ಒತ್ತಿಕೊಂಡು ಕೂರುತ್ತದೆ, ಸೀಳಿನ ಎರಡು ತುದಿಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ರಿಂಗನ್ನು ಮೊದಲು ಸಿಲಿಂಡರಿನ ತಳದಲ್ಲಿ, ಏನೂ ಸವೆಯದ ಜಾಗದಲ್ಲಿ ಇಟ್ಟು ಸಂದು ಅಳೆದೆವು: 0.30 ಮಿಲಿಮೀಟರ್. ಆಮೇಲೆ ಏಣಿನ ಕೆಳಗೆ ತಂದು ಅಳೆದೆವು: 0.90. ವ್ಯತ್ಯಾಸ 0.60. ಸಂದು ಹಿಗ್ಗಿದ್ದು ಸುತ್ತಳತೆ ಹಿಗ್ಗಿದ್ದರಿಂದ. ಸುತ್ತಳತೆಯಿಂದ ವ್ಯಾಸಕ್ಕೆ ಬರಬೇಕಾದರೆ ಪೈಯಿಂದ ಭಾಗಿಸಬೇಕು. 'ಇಪ್ಪತ್ತೆರಡು ಬೈ ಏಳು, ನೀವೇ ಹಾಕಿ ಮೇಷ್ಟ್ರೇ' ಅಂದರು. 0.19 ಮಿಲಿಮೀಟರ್ ಬಂತು. ಆಮೇಲೆ ಲೇತಿನವರ ಬೋರ್ ಗೇಜಿನಲ್ಲಿ ನೋಡಿದಾಗಲೂ ಹೆಚ್ಚುಕಡಿಮೆ ಅದೇ.

ಇಪ್ಪತ್ತೆರಡು ಬೈ ಏಳು, ಶಾಲೆಯಲ್ಲಿ ವರ್ಷವರ್ಷವೂ ನಾನು ಹಲಗೆಯ ಮೇಲೆ ಬರೆಯುವ ಸಂಖ್ಯೆ. ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಪರಿಧಿಗೆ ಎರಡು ಲೆಕ್ಕ ಕೊಡುತ್ತಾರೆ. ಸೂಕ್ಷ್ಮವಾಗಿ ಬೇಕಾದವರಿಗೆ 3927ನ್ನು 1250ರಿಂದ ಭಾಗಿಸಿದ್ದು, ಸ್ಥೂಲವಾಗಿ ವ್ಯವಹಾರಕ್ಕೆ ಸಾಕಾದವರಿಗೆ 22ನ್ನು 7ರಿಂದ ಭಾಗಿಸಿದ್ದು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಆ ಸ್ಥೂಲ ಲೆಕ್ಕ ನಮ್ಮ ಶೆಡ್ಡಿನ ವ್ಯವಹಾರಕ್ಕೆ ನೂರಕ್ಕೆ ನೂರು ಸಾಕಾಯಿತು. ದುಬಾರಿ ಉಪಕರಣವೊಂದು ಇಲ್ಲದ ಜಾಗದಲ್ಲಿ ವೃತ್ತದ ಗುಣವೇ ಬಂದು ಉಪಕರಣವಾಗಿ ನಿಂತಿತು. ಕೂದಲಿನ ಎರಡೂವರೆ, ಮೂರು ಪಟ್ಟು ದಪ್ಪದ ಸವಕಳಿಯನ್ನು ಒಂದು ಸೀಳಿದ ಉಂಗುರ ಮೂರು ಪಟ್ಟು ಹಿಗ್ಗಿಸಿ ಕಣ್ಣಿಗೆ ತೋರಿಸಿತು. ನನಗೆ ಮೈ ಜುಮ್ಮೆಂದಿತು ಎಂದರೆ ಅತಿಶಯವಲ್ಲ.

ವ್ಯಾಸದಲ್ಲಿ 0.19 ಎಂದರೆ ಗೋಡೆಯ ಒಂದೊಂದು ಪಕ್ಕದಲ್ಲಿ ಅದರ ಅರ್ಧ. ಅದೂ ಮೇಲ್ಗಡೆ ಮಾತ್ರ, ಕೆಳಕ್ಕೆ ಹೋದಂತೆ ಬೇಗ ಕಡಿಮೆಯಾಗುತ್ತ ತಳದಲ್ಲಿ ಇಲ್ಲವೇ ಇಲ್ಲ. ಸರಾಸರಿ ಹಿಡಿದು ಪಿಸ್ಟನ್ ಓಡಾಡುವ ಗೋಡೆಯ ವಿಸ್ತೀರ್ಣದಿಂದ ಗುಣಿಸಿ, ಕಬ್ಬಿಣದ ಸಾಂದ್ರತೆಯಿಂದ ತೂಕ ಕಟ್ಟಿದರೆ ಸಿಲಿಂಡರಿಗೆ ಐದು ಗ್ರಾಮಿನ ಒಳಗೆ ಬರುತ್ತದೆ. ಇಪ್ಪತ್ತು ಗ್ರಾಂ ಎಂದದ್ದು ಹೀಗೆ.

ಇಷ್ಟು ಕಡಿಮೆ ಯಾಕೆ ಸವೆಯಿತು ಎನ್ನುವುದು ನನ್ನನ್ನು ಬಹಳ ದಿನ ಕಾಡಿತು. ಪಿಸ್ಟನ್ ಎಷ್ಟು ದೂರ ಓಡಿದೆ ಎಂದು ಲೆಕ್ಕ ಹಾಕಿ ನೋಡಿದೆ. ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಈ ಗಾಡಿಯ ಕ್ರ್ಯಾಂಕು ಸುಮಾರು 2,400 ಸುತ್ತು ಹೊಡೆಯುತ್ತದೆ. ಒಂದು ಸುತ್ತಿಗೆ ಪಿಸ್ಟನ್ 75 ಮಿಲಿಮೀಟರ್ ಮೇಲೆ, 75 ಮಿಲಿಮೀಟರ್ ಕೆಳಗೆ. ಗಾಡಿ ಒಂದು ಲಕ್ಷ ಕಿಲೋಮೀಟರ್ ಓಡಿದರೆ ಒಳಗೆ ಪಿಸ್ಟನ್ 36,000 ಕಿಲೋಮೀಟರ್ ಓಡಿರುತ್ತದೆ. ಊರೊಳಗೆ ಸಣ್ಣ ಗೇರುಗಳಲ್ಲಿ ತೆವಳಿದ್ದನ್ನು ಸೇರಿಸಿದರೆ ಇನ್ನೂ ಮೇಲೆ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಗೇಣಿನ ಅರ್ಧದಷ್ಟೂ ಇಲ್ಲದ ಜಾಗದಲ್ಲಿ ಮೇಲೆ ಕೆಳಗೆ ಹೋಗುತ್ತಲೇ ಪಿಸ್ಟನ್ ಭೂಮಿ ಸುತ್ತಿಬಂದಿದೆ, ಕಬ್ಬಿಣದ ಗೋಡೆಗೆ ಒತ್ತಿಕೊಂಡೇ ಬಂದಿದೆ, ಕಳೆದುಕೊಂಡದ್ದು ಕೂದಲೆಳೆಯ ಲೆಕ್ಕದಲ್ಲಿ.

ಉತ್ತರ ಇರುವುದು ಎಣ್ಣೆಯಲ್ಲಿ. ಓಡುತ್ತಿರುವ ಎಂಜಿನ್ನಿನಲ್ಲಿ ಲೋಹ ಲೋಹವನ್ನು ಮುಟ್ಟುವುದು ಬಹಳ ಕಡಿಮೆ. ನಡುವೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ತೆಳುವಾದ ಎಣ್ಣೆಯ ಪದರ ಇರುತ್ತದೆ. ಪಂಪು ಎಣ್ಣೆಯನ್ನು ಬೇರಿಂಗಿನವರೆಗೆ ತಂದು ಬಿಡುತ್ತದೆ ಅಷ್ಟೆ. ಭಾರ ಹೊರುವ ಒತ್ತಡವನ್ನು ಹುಟ್ಟಿಸುವುದು ತಿರುಗುವ ಕ್ರ್ಯಾಂಕೇ. ಇದು ಮನುಷ್ಯರಿಗೆ ಗೊತ್ತಾದದ್ದೂ ಒಂದು ಸೊಗಸಾದ ಕತೆ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿಬಂತು. ಬೆಣೆ ಹೊಡೆದು ಮುಚ್ಚಿದರೆ ಬೆಣೆಯನ್ನೂ ಎಣ್ಣೆ ಹೊರಕ್ಕೆ ತಳ್ಳಿತು. ಅಲ್ಲಿಗೆ ಒತ್ತಡದ ಗೇಜು ಜೋಡಿಸಿದರು. ಅದರ ಮುಳ್ಳು ಕೊನೆಯ ಅಂಕಿಯಾದ 200 ಪೌಂಡನ್ನೂ ದಾಟಿಹೋಯಿತು. ಅಚ್ಚು ಎಣ್ಣೆಯ ಮೇಲೆ ತೇಲುತ್ತಿತ್ತು! ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು ತನ್ನನ್ನು ತಾನೇ ಎತ್ತಿಕೊಳ್ಳುತ್ತದೆ ಎಂಬುದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೇನಾಲ್ಡ್ಸ್ ಬರೆದುಕೊಟ್ಟರು.

ಇದು ಗೊತ್ತಾದ ಮೇಲೆ ಸಿಲಿಂಡರಿನ ಮೇಲ್ಗಡೆಯೇ ಯಾಕೆ ಹೆಚ್ಚು ಸವೆದಿತ್ತು ಎನ್ನುವುದು ತಾನಾಗಿ ಬಿಡಿಸಿಕೊಂಡಿತು. ಎಣ್ಣೆಯ ಪದರಕ್ಕೆ ಚಲನೆಯೇ ಜೀವ. ಪಿಸ್ಟನ್ ತುತ್ತತುದಿಗೆ ಹೋಗಿ ಕೆಳಕ್ಕೆ ತಿರುಗುವ ಕ್ಷಣದಲ್ಲಿ ಅದರ ವೇಗ ಸೊನ್ನೆ. ಆ ಕ್ಷಣದಲ್ಲೇ ಬೆಂಕಿ ಹತ್ತುತ್ತದೆ, ಆ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಅದುಮುತ್ತದೆ, ಆ ಕಾವಿಗೆ ಅಲ್ಲಿನ ಎಣ್ಣೆ ತೆಳ್ಳಗಾಗುತ್ತದೆ. ನಿಂತ ಕ್ಷಣದಲ್ಲಿ ಸವಕಳಿ, ಓಡುವಾಗ ರಕ್ಷಣೆ. ಬೆಳಗಿನ ಹೊತ್ತು ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿದ ಮೊದಲ ಗಳಿಗೆಯಲ್ಲಿ ಎಂಜಿನ್ ಹೆಚ್ಚು ನೋಯುವುದಕ್ಕೂ ಕಾರಣ ಅದೇ. ಪದರ ಇನ್ನೂ ಹುಟ್ಟಿರುವುದಿಲ್ಲ.

ಈಗ ದುರಸ್ತಿ. ಕಳೆದುಹೋದದ್ದನ್ನು ತುಂಬುವುದು ದುರಸ್ತಿ ಎಂದು ನಾವು ತಿಳಿದಿರುತ್ತೇವೆ. ಗೋಡೆ ಕುಸಿದರೆ ಗಾರೆ ಮೆತ್ತುತ್ತೇವೆ, ಬಟ್ಟೆ ಹರಿದರೆ ತೇಪೆ ಹಾಕುತ್ತೇವೆ. ಸವೆದ ಸಿಲಿಂಡರಿಗೆ ಮಾಡುವುದು ಇದರ ತದ್ವಿರುದ್ಧ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದು ಸೊಟ್ಟಗಾದ ತೂತನ್ನು ಇನ್ನೂ ಕೊರೆದು, ಅತಿ ಹೆಚ್ಚು ಸವೆದ ಜಾಗಕ್ಕಿಂತ ಹಿಗ್ಗಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ದುಂಡಗೆ ಮಾಡುತ್ತಾರೆ. ಆಮೇಲೆ ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್. ಓಟ ತಿಂದದ್ದಕ್ಕಿಂತ ಹಲವು ಪಟ್ಟು ಹೆಚ್ಚು ಕಬ್ಬಿಣವನ್ನು ಲೇತಿನವರು ಉದ್ದೇಶಪೂರ್ವಕವಾಗಿ ತೆಗೆದುಹಾಕುತ್ತಾರೆ, ಎಂಜಿನ್ ಹೊಸದಾಗುತ್ತದೆ! ಅಂದರೆ ಅದರ ಬಲ ಕಬ್ಬಿಣದ ಪ್ರಮಾಣದಲ್ಲಿ ಇರಲೇ ಇಲ್ಲ. ಅದು ದುಂಡಗಿರುವುದರಲ್ಲಿತ್ತು, ನೇರವಾಗಿರುವುದರಲ್ಲಿತ್ತು, ಪಿಸ್ಟನ್ನಿಗೂ ಗೋಡೆಗೂ ನಡುವಿನ ಕೂದಲಿಗಿಂತ ಸಣ್ಣ ಅಂತರದಲ್ಲಿತ್ತು. ಇಪ್ಪತ್ತು ಗ್ರಾಮಿನ ಜೊತೆ ಹೋದದ್ದು ಆಕಾರ.

ಇನ್ನೂ ಒಂದು ಮಾತು. ಎಂಜಿನ್ ರೂಪಿಸಿದವರು ಇದನ್ನೆಲ್ಲ ಮೊದಲೇ ಕಂಡಿದ್ದರು. ಬ್ಲಾಕಿನ ಗೋಡೆಯನ್ನು ಹಲವು ಸಲ ಕೊರೆಸಿಕೊಳ್ಳುವಷ್ಟು ದಪ್ಪ ಇಟ್ಟು, ಓವರ್‌ಸೈಜ್ ಪಿಸ್ಟನ್ನುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಗೊತ್ತುಮಾಡಿದರು. ಒಂದೊಂದು ಮೆಟ್ಟಿಲು ಮಿಲಿಮೀಟರಿನ ಕಾಲು ಭಾಗವೋ ಐದನೆಯ ಒಂದು ಭಾಗವೋ ಇರುತ್ತದೆ. ಅಷ್ಟೂ ಮುಗಿದರೆ ಸ್ಲೀವ್ ಹಾಕಿಸಿ ಮತ್ತೆ ಮೊದಲ ಅಳತೆಗೆ ಬರಬಹುದು. ತಾವೆಂದೂ ನೋಡದ ಊರಿನಲ್ಲಿ, ಎಷ್ಟೋ ವರ್ಷಗಳ ಮೇಲೆ, ಕಡಿಮೆ ದುಡ್ಡಿನ ಯಾರೋ ಒಬ್ಬ ಬಂದು ಈ ಬ್ಲಾಕನ್ನು ಮತ್ತೆ ಓಡಿಸಬೇಕಾಗುತ್ತದೆ ಎಂದು ಇಟಲಿಯ ನಕ್ಷೆಗಾರರು ಗೋಡೆಯಲ್ಲಿ ನನಗಾಗಿ ನಾಲ್ಕಾರು ಕೂದಲೆಳೆ ಕಬ್ಬಿಣ ಬಿಟ್ಟುಹೋಗಿದ್ದರು. ಈಗಿನ ಎಷ್ಟೋ ಎಂಜಿನ್ನುಗಳಲ್ಲಿ ಇಂಥ ಅವಕಾಶವನ್ನೇ ಇಡುವುದಿಲ್ಲ ಎಂದು ನೆನೆದಾಗ ನನಗೆ ನಿಜವಾಗಿ ದುಃಖವಾಗುತ್ತದೆ.

ಪಿಸ್ಟನ್ ಸೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿದೆ. ಹಳೇ ಗಾಡಿಯ ಸಾಮಾನು ಹುಡುಕುವವರಿಗೆ ಆ ರಸ್ತೆ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ, ಎರಡೂ ಕ್ಷೇತ್ರಗಳೇ. ಅಂಗಡಿಯವರು ಅಟ್ಟದಿಂದ ಇಳಿಸಿಕೊಟ್ಟ ಡಬ್ಬಿಯ ಮೇಲೆ ಬೆರಳುದ್ದ ಧೂಳು, ಒಳಗೆ ಎಣ್ಣೆ ಕಾಗದ ಸುತ್ತಿದ ಮಿರುಗುವ ಪಿಸ್ಟನ್. ಪಿಸ್ಟನ್ ಕೊಂಡ ಮೇಲೆಯೇ ಬೋರ್ ಮಾಡಿಸಬೇಕು. ಕೊರೆಯುವ ಅಳತೆಯನ್ನು ಕೈಯಲ್ಲಿರುವ ಪಿಸ್ಟನ್ನಿಗೆ ತಕ್ಕಂತೆ ಹಿಡಿಯುತ್ತಾರೆ. 'ಪಿಸ್ಟನ್ ಇಲ್ಲದೆ ಬ್ಲಾಕ್ ತಂದರೆ ವಾಪಸ್ ಕಳಿಸ್ತೀನಿ' ಎಂದು ಲೇತಿನವರು ಮೊದಲೇ ಹೇಳಿದ್ದರು.

ಆ ಪಿಸ್ಟನ್ ದುಂಡಗಿರುವುದಿಲ್ಲ. ಮೈಕ್ರೋಮೀಟರಿನಲ್ಲಿ ಒಂದು ಕಡೆ ಹಿಡಿದರೆ ಒಂದು ಅಳತೆ, ಅಡ್ಡಕ್ಕೆ ತಿರುಗಿಸಿ ಹಿಡಿದರೆ ಅದಕ್ಕಿಂತ ಕಡಿಮೆ. ತಲೆಯ ಕಡೆ ಕಿರಿದು, ಬುಡದ ಕಡೆ ಅಗಲ. ಅಲ್ಯೂಮಿನಿಯಂ ಕಾದಾಗ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ತಲೆಯ ಕಡೆ ಕಾವು ಹೆಚ್ಚು, ಪಿನ್ನಿನ ಕಡೆ ಲೋಹ ಹೆಚ್ಚು. ತಣ್ಣಗಿದ್ದಾಗ ಸೊಟ್ಟಗಿದ್ದರೆ ಮಾತ್ರ ಬೆಂಕಿಯಲ್ಲಿ ದುಂಡಗಾಗುತ್ತದೆ. ಬೆಂಕಿ ಎಂದರೆ ಎಂಥ ಬೆಂಕಿ? ಸಿಲಿಂಡರಿನಲ್ಲಿ ಹೊತ್ತುವ ಜ್ವಾಲೆಯ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಲ್ಯೂಮಿನಿಯಂ ಕರಗುವುದು 660ಕ್ಕೆ. ಕರಗುವ ಪಾತ್ರೆಯಲ್ಲಿ ಅದನ್ನು ಕರಗಿಸುವ ಬೆಂಕಿ ಇಟ್ಟು ಊರೂರು ತಿರುಗುತ್ತೇವೆ. ಪಿಸ್ಟನ್ ಉಳಿಯುವುದು ಏಕೆಂದರೆ ಆ ಬೆಂಕಿಯ ಆಯಸ್ಸು ಕೆಲವೇ ಮಿಲಿಸೆಕೆಂಡು. ಪಿಸ್ಟನ್ನಿಗೆ ಹತ್ತಿದ ಕಾವಿನ ದೊಡ್ಡ ಪಾಲು ರಿಂಗುಗಳ ಮೂಲಕ ಗೋಡೆಗೂ ಗೋಡೆಯಿಂದ ನೀರಿಗೂ ಹರಿದುಹೋಗುತ್ತದೆ. ಮತ್ತೊಂದು ಬೆಂಕಿ ಬರುವ ಮೊದಲು ತಣ್ಣನೆಯ ಗಾಳಿ, ಪೆಟ್ರೋಲು ಒಳಗೆ ಬಂದಿರುತ್ತದೆ. 3,000 ಸುತ್ತಿನಲ್ಲಿ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 25 ಸಲ. ಅಷ್ಟು ಕಾವನ್ನು ಗೋಡೆಗೆ ದಾಟಿಸುವ ರಿಂಗಿನ ತೂಕ ಕೈಗೆ ಗೊತ್ತೇ ಆಗುವುದಿಲ್ಲ.

ಬೋರ್ ಮಾಡುವುದನ್ನು ನಾನು ನಿಂತು ನೋಡಿದೆ. ಓಣಿಯ ಒಳಗಿನ ಅಂಗಡಿ, ತಗಡಿನ ಸೂರು, ಹಳೆಯ ಯಂತ್ರ. 1770ರ ದಶಕದಲ್ಲಿ ಜೇಮ್ಸ್ ವಾಟರ ಉಗಿಯಂತ್ರಕ್ಕೆ ಹಬೆ ಸೋರದ ಸಿಲಿಂಡರು ಸಿಗದೆ ಆತ ವರ್ಷಗಟ್ಟಲೆ ಒದ್ದಾಡಿದ್ದು ನನಗೆ ಅಲ್ಲಿ ನೆನಪಾಯಿತು. ತೋಪು ಕೊರೆಯುತ್ತಿದ್ದ ಜಾನ್ ವಿಲ್ಕಿನ್ಸನ್ ಹೊಸ ಕೊರೆಯಂತ್ರ ಕಟ್ಟಿ 50 ಇಂಚು ವ್ಯಾಸದ ಸಿಲಿಂಡರನ್ನು ಕೊರೆದುಕೊಟ್ಟ. ಹಳೆಯ ಶಿಲಿಂಗ್ ನಾಣ್ಯದ ದಪ್ಪದಷ್ಟೂ ಅದರಲ್ಲಿ ತಪ್ಪಿಲ್ಲ ಎಂದು ವಾಟರ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಹಿಗ್ಗಿಬಿಟ್ಟರು. ಒಂದು ಯುಗವನ್ನೇ ತೆರೆದ ನಿಖರತೆ ಅದು. ಇಲ್ಲಿ, ಹೆಸರು ಬರೆದ ಹಲಗೆಯೂ ಇಲ್ಲದ ಅಂಗಡಿಯಲ್ಲಿ, ಎಸೆಸೆಲ್ಸಿ ಮುಗಿಸದ ಒಬ್ಬರು ಮಿಲಿಮೀಟರಿನ ನೂರರ ಒಂದು ಭಾಗಕ್ಕೆ ಹುಬ್ಬು ಗಂಟಿಕ್ಕುತ್ತಿದ್ದರು. ಕೊನೆಯ ಕೊರೆತಕ್ಕೆ ಮುಂಚೆ ಬ್ಲಾಕು ತಣ್ಣಗಾಗಲಿ ಎಂದು ಕೆಲಸ ನಿಲ್ಲಿಸಿ ಟೀಗೆ ಹೋದರು. ಬೆಚ್ಚಗಿದ್ದಾಗ ಅಳೆದರೆ ಅಳತೆ ಸುಳ್ಳು ಹೇಳುತ್ತದಂತೆ.

ಕೊರೆದ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪನ್ನು ಹಾಗೇ ಬಿಡುವುದಿಲ್ಲ. ಸಾಣೆಕಲ್ಲು ಕಟ್ಟಿದ ಹೋನನ್ನು ಸೀಮೆಎಣ್ಣೆ ಬಿಡುತ್ತ ಒಳಗೆ ತಿರುಗಿಸಿ, ಮೇಲೆ ಕೆಳಗೆ ಆಡಿಸಿ, ಒಂದನ್ನೊಂದು ಕತ್ತರಿಸುವ ಸಣ್ಣ ಸಣ್ಣ ಓರೆ ಗೀರುಗಳನ್ನು ಗೋಡೆಯ ತುಂಬ ಎಳೆದರು. ಗೀರಿಲ್ಲದ ಗೋಡೆಯ ಮೇಲೆ ಎಣ್ಣೆ ನಿಲ್ಲುವುದಿಲ್ಲ. ಬೀಡು ಕಬ್ಬಿಣದ ಒಳಗೇ ಗ್ರಾಫೈಟಿನ ಚಿಕ್ಕ ಪಕಳೆಗಳಿರುತ್ತವೆ, ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಅದೇ ಗ್ರಾಫೈಟು. ಅವೂ ಜಾರಿಕೆಗೆ ಒದಗುತ್ತವೆ. ಬಡ ಲೋಹ ಎಂದು ಯಾರೂ ಗೌರವಿಸದ ಬೀಡು ಸಿಲಿಂಡರಿಗೆ ಬಂದಾಗ ಉಕ್ಕಿಗಿಂತ ಒಳ್ಳೆಯದಾಗಿಬಿಡುತ್ತದೆ.

ಕ್ರ್ಯಾಂಕನ್ನೂ ಗ್ರೈಂಡಿಂಗ್ ಮಾಡಿಸಿದೆ. ಹೊಸದು ಹುಡುಕುವುದಕ್ಕಿಂತ ಆ ಕೂಲಿ ಎಷ್ಟೋ ಕಡಿಮೆ. ಅಲ್ಲಿ ಲೆಕ್ಕ ತಿರುಗುಮುರುಗು: ಕ್ರ್ಯಾಂಕು ಸಣ್ಣದಾಗುತ್ತದೆ, ಅದಕ್ಕೆ ಸುತ್ತುವ ಬೇರಿಂಗ್ ಚಿಪ್ಪು ದಪ್ಪವಾಗುತ್ತದೆ. ಆ ಚಿಪ್ಪಿನ ಒಳಮೈ ಬೇಕೆಂದೇ ಮೆತ್ತಗಿನ ಲೋಹ. ಎಣ್ಣೆಯಲ್ಲಿ ಬಂದ ಸಣ್ಣ ಮರಳುಕಣ ಕ್ರ್ಯಾಂಕನ್ನು ಗೀರದೆ ಆ ಮೆತುವಿನಲ್ಲಿ ಹೂತುಹೋಗಲಿ ಎಂದು. ಹಳೆಯ ಚಿಪ್ಪುಗಳನ್ನು ಬೆಳಕಿಗೆ ಹಿಡಿದಾಗ ಅಂಥ ಕಣಗಳು ಚುಕ್ಕೆ ಚುಕ್ಕೆಯಾಗಿ ಕಂಡವು. ಅಷ್ಟೂ ವರ್ಷ ನಾವು ನಿಶ್ಚಿಂತೆಯಿಂದ ಶಿವಗಂಗೆಗೆ, ಸಿದ್ದರಬೆಟ್ಟಕ್ಕೆ ಹೋಗಿಬರುತ್ತಿದ್ದಾಗ ಅವು ಒಂದೊಂದಾಗಿ ಧೂಳನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತಿದ್ದವು.

ವಾಲ್ವುಗಳನ್ನು ಬದಲಾಯಿಸಲಿಲ್ಲ. ಕಾಂಡದ ಸವಕಳಿ ಮಿತಿಯೊಳಗಿತ್ತು, ಅಂಚಿನಲ್ಲಿ ಮಾಂಸ ಇತ್ತು. ಉಜ್ಜಿದರೆ ಸಾಕು ಅಂದರು. ವಾಲ್ವಿನ ತಲೆಗೆ ರಬ್ಬರು ಕಚ್ಚಿದ ಕಡ್ಡಿ ಅಂಟಿಸಿ, ಅಂಚಿಗೆ ಗ್ರೈಂಡಿಂಗ್ ಪೇಸ್ಟು ಹಚ್ಚಿ, ಎರಡು ಅಂಗೈಗಳ ನಡುವೆ ಕಡ್ಡಿಯನ್ನು ಮಜ್ಜಿಗೆ ಕಡೆಗೋಲಿನಂತೆ ಹಿಂದೆ ಮುಂದೆ ಹೊಸೆಯಬೇಕು. ಮೊದಮೊದಲು ಗರಗರ ಶಬ್ದ, ಹೋಗ್ತಾ ಹೋಗ್ತಾ ಅದು ಮೆತ್ತಗಾಗುತ್ತದೆ. ಒರೆಸಿ ನೋಡಿದರೆ ವಾಲ್ವಿನ ಅಂಚಿನಲ್ಲೂ ಅದು ಕೂರುವ ಸೀಟಿನಲ್ಲೂ ಹೊಳಪಿಲ್ಲದ ಬೂದುಬಣ್ಣದ ಉಂಗುರ, ಎಲ್ಲೂ ಕಡಿಯದೆ ಬಂದಿರಬೇಕು. ಕೂಡಿತೋ ಇಲ್ಲವೋ ಎನ್ನುವುದಕ್ಕೆ ಯಂತ್ರ ಬೇಡ. ಹೆಡ್ಡನ್ನು ಅಂಗಾತ ಮಲಗಿಸಿ, ಗುಳಿಯೊಳಕ್ಕೆ ಸೀಮೆಎಣ್ಣೆ ತುಂಬಿಸಿ ಬಿಡುವುದು. ಸೋರದಿದ್ದರೆ ಕೂಡಿದೆ. ಎರಡು ಲೋಹಗಳು ಒಂದನ್ನೊಂದು ಉಜ್ಜಿಕೊಂಡು ಸೀಮೆಎಣ್ಣೆಗೂ ದಾರಿ ಕೊಡದಷ್ಟು ಹೊಂದಿಕೊಂಡವು. ಅದಕ್ಕೆ ತಗುಲಿದ ಖರ್ಚು ಒಂದು ಚಿಕ್ಕ ಡಬ್ಬಿ ಪೇಸ್ಟು ಮತ್ತು ನನ್ನ ಅಂಗೈ.

ಟೈಮಿಂಗ್ ಚೈನು ಹೊಸದು. ಆಯಿಲ್ ಪಂಪು ಅಳತೆಯಲ್ಲಿ ಪಾಸಾಯಿತು, ಹಳೆಯದೇ. ಹೆಡ್ಡಿನ ಮೇಲೆ ಸ್ಟೀಲು ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ತೂರಿಸಿ ನೋಡಿದಾಗ ಸ್ವಲ್ಪ ಬಾಗಿರುವುದು ಕಂಡಿತು, ಸಾಣೆ ಹಿಡಿಸಿದ್ದಾಯಿತು. ಪ್ಲಗ್ಗುಗಳು ನಮ್ಮ ಬೆಂಗಳೂರಿನ ಮೈಕೋದವು, ಉಜ್ಜಿ ತೊಳೆದು ಗ್ಯಾಪ್ ಸರಿಮಾಡಿ ಹಾಕಿದೆ. ನೀರಿನ ಪಂಪನ್ನು ಇಟ್ಟುಕೊಳ್ಳುವ ಧೈರ್ಯ ಬರಲಿಲ್ಲ.

ಜೋಡಿಸುವಾಗ ನನಗೆ ಅತ್ಯಂತ ಪ್ರಿಯವಾದದ್ದು ಚೈನಿನ ಗುರುತುಗಳನ್ನು ಕೂಡಿಸುವ ಕೆಲಸ. ಕ್ರ್ಯಾಂಕು ಎರಡು ಸುತ್ತು, ಕ್ಯಾಮು ಒಂದು ಸುತ್ತು. ಬೆಂಕಿ ಹತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ಪ್ಲಗ್ಗುಗಳಿಲ್ಲದೆ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದು ವಾಲ್ವು ತನ್ನ ಹೊತ್ತಿಗೆ ಏಳುವುದನ್ನೂ ಕೂರುವುದನ್ನೂ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಹಿರಿಯರು ಏನೂ ಅನ್ನಲಿಲ್ಲ. ಗೊತ್ತಾದ ಮೇಲೆ ಬೆರಗು ಹೋಗುತ್ತದೆ ಎಂದು ಹೇಳುವವರನ್ನು ನಾನು ಕೇಳಿದ್ದೇನೆ, ನನ್ನ ಅನುಭವ ಹಾಗಿಲ್ಲ. ಬಾನೆಟ್ ಮುಚ್ಚಿದ್ದ ಅಷ್ಟೂ ವರ್ಷ ಈ ಎಂಜಿನ್ನಿನ ಬಗ್ಗೆ ನನಗೆ ಯಾವ ಬೆರಗೂ ಇರಲಿಲ್ಲ. ಕೀಲಿ ತಿರುಗಿಸಿದರೆ ಓಡುತ್ತಿತ್ತು. ಬೆರಗು ಶುರುವಾದದ್ದು 0.19 ಎಂಬ ಅಂಕಿಯಿಂದ.

ಎಂಜಿನ್ ಚಾಲೂ ಆಯಿತು. ಸ್ವಲ್ಪ ಹೊತ್ತು ಹೊಗೆ ಬಂತು, ಜೋಡಿಸುವಾಗ ಹಚ್ಚಿದ ಎಣ್ಣೆ ಉರಿದದ್ದು, ಆಮೇಲೆ ನಿಂತಿತು. ಅಲ್ಲಿಗೆ ಕೆಲಸ ಮುಗಿಯಿತೆಂದು ಹೇಳುವಂತಿಲ್ಲ. ಲೇತಿನವರು ಎಷ್ಟೇ ನಿಖರವಾಗಿ ಕೊರೆದರೂ ರಿಂಗನ್ನು ಗೋಡೆಗೆ ಪೂರ್ತಿಯಾಗಿ ಹೊಂದಿಸಲು ಅವರಿಂದ ಆಗುವುದಿಲ್ಲ. ಅದನ್ನು ಎಂಜಿನ್ ತಾನೇ ಮಾಡಿಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಹೋನಿನ ಗೀರುಗಳ ಚೂಪು ತುದಿಗಳು ರಿಂಗನ್ನು ತೀಡುತ್ತವೆ, ರಿಂಗು ಆ ತುದಿಗಳನ್ನು ತೀಡುತ್ತದೆ, ಗೀರಿನ ಆಳ ಮಾತ್ರ ಎಣ್ಣೆಗಾಗಿ ಉಳಿಯುತ್ತದೆ. ಆ ಅವಧಿಯಲ್ಲಿ ಒಂದೇ ವೇಗದಲ್ಲಿ ಹೋಗಬಾರದು, ಎಳೆಯಬಾರದು, ತೀರಾ ಮುದ್ದು ಮಾಡಲೂಬಾರದು. ಸ್ವಲ್ಪ ಒತ್ತಡ ಇದ್ದರೇನೇ ರಿಂಗು ಗೋಡೆಗೆ ಕೂರುವುದು. ಕುಣಿಗಲ್ ರಸ್ತೆಯಲ್ಲಿ ವೇಗ ಏರಿಸುತ್ತ ಇಳಿಸುತ್ತ ಓಡಿಸಿದೆ. ಆಮೇಲೆ ಆಯಿಲ್ ಇಳಿಸಿ ಬಿಳಿ ತಟ್ಟೆಗೆ ಸ್ವಲ್ಪ ಹಿಡಿದು ಬಿಸಿಲಿಗೆ ವಾಲಿಸಿದಾಗ ಅದರಲ್ಲಿ ಸಣ್ಣ ಮಿನುಗು ಕಂಡಿತು. ಹಿರಿಯರು ಬೆರಳಿನಿಂದ ತೀಡಿ ನೋಡಿ, ಬರಬೇಕಾದ್ದೇ ಬಂದಿದೆ ಅಂದರು. ಹೊಸ ಆಯಿಲ್ ಹುಯ್ದು, ಹೆಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಕ್ರಮವಾಗಿ ಇನ್ನೊಮ್ಮೆ ಬಿಗಿಮಾಡಿ, ಟ್ಯಾಪೆಟ್ ಗ್ಯಾಪ್ ನೋಡಲು ಕೂತೆವು.